ಏಳಬಾರದ ಬೆಂಚು

ಬಳ್ಳಾರಿ ಜಂಕ್ಷನ್ನಿನ ಚರಿತ್ರೆ ಹೇಳುವವರು ಊರಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಮದರಾಸಿನ ಕಾಲದಲ್ಲಿ ಇಲ್ಲಿಗೆ ಹಳಿ ಹಾಕಿದ್ದು ದಂಡಿನ ಸಿಪಾಯಿಗಳಿಗಾಗಿಯೋ ಹತ್ತಿಯ ಅಂಡಿಗೆಗಳಿಗಾಗಿಯೋ ಎಂದು ಕೈಯಲ್ಲಿನ ಚಹಾ ಆರುವವರೆಗೆ ವಾದ ಮಾಡುತ್ತಾರೆ. ರಾಯದುರ್ಗದ ಕಡೆಗೆ ಒಂದು ಹಳಿ ಕವಲೊಡೆದದ್ದರಿಂದ ಊರಿನ ಹೆಸರಿಗೆ ಜಂಕ್ಷನ್ ಎಂಬ ಬಾಲ ಸೇರಿತಲ್ಲ, ಅದನ್ನು ತಾವೇ ಕಟ್ಟಿಸಿದಂತೆ ಹೆಮ್ಮೆಪಡುತ್ತಾರೆ. ಇಷ್ಟೆಲ್ಲ ಗೊತ್ತಿರುವ ಈ ಪಂಡಿತರಲ್ಲಿ ಒಬ್ಬರಾದರೂ ಮುಖ್ಯವಾದ ಸಂಗತಿಯನ್ನು ಹೇಳಿದ್ದು ನಾನು ಕೇಳಿಲ್ಲ. ಅದೇನೆಂದರೆ, ಆಗ ಅಲ್ಲಿಯ ಪ್ಲಾಟ್‌ಫಾರಂ ಬಹಳ ತಗ್ಗಾಗಿತ್ತು.

ಅದು ಮೀಟರ್ ಗೇಜಿನ ಸಣ್ಣ ಗಾಡಿಗಳ ಕಾಲ. ಬೋಗಿಯ ಬಾಗಿಲಿನಿಂದ ಕೆಳಗೆ ಬರಬೇಕಾದರೆ ಮೆಟ್ಟಿಲು ಹಿಡಿದು ಇಳಿಯಬೇಕು. ಮುದುಕಿಯರು ಬಾವಿಗೆ ಇಳಿಯುವವರ ಹಾಗೆ ಬೆನ್ನು ತಿರುಗಿಸಿ, ಕಾಲಿನಿಂದ ಮೆಟ್ಟಿಲು ಹುಡುಕುತ್ತಾ, ಶಿವಶಿವಾ ಎನ್ನುತ್ತಾ ಇಳಿಯುತ್ತಿದ್ದರು. ಕಿಟಕಿಯ ಬಳಿ ಕುಳಿತ ಎಂಥ ಕುಳ್ಳನಾದರೂ ಕೆಳಗೆ ನಿಂತ ಪೈಲ್ವಾನನನ್ನು ತಲೆ ಬಗ್ಗಿಸಿ ನೋಡಬಹುದಿತ್ತು. ನನ್ನ ಇಡೀ ಸಂಸಾರ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಚರಿತ್ರೆಯವರು ಬಿಟ್ಟದ್ದನ್ನು ನಾನೇ ಬರೆಯದೆ ಬೇರೆ ದಾರಿಯಿಲ್ಲ.

ಆ ದಿನಗಳಲ್ಲಿ ನಮ್ಮ ಕಡೆ ಸ್ಟೇಷನ್ನಿನಲ್ಲಿ ಹೆಣ್ಣು ತೋರಿಸುವ ಒಂದು ರೂಢಿ ಇತ್ತು. ರಾಜ್ಯಗಳನ್ನು ಬೇರೆ ಮಾಡಿದಾಗ ಬಳ್ಳಾರಿ ಈ ಕಡೆ ಬಂತು, ಆದವಾನಿ, ರಾಯದುರ್ಗ ಆಂಧ್ರಕ್ಕೆ ಹೋದವು. ಸರಕಾರ ಗೆರೆ ಎಳೆಯಿತೇ ಹೊರತು ಬೀಗತನ ಗೆರೆ ನೋಡಿ ನಿಲ್ಲಲಿಲ್ಲ. ಗಂಡಿನ ಕಡೆಯವರು ಯಾವುದೋ ಮದುವೆಗೋ ಜವಳಕ್ಕೋ ಈ ಮಾರ್ಗವಾಗಿ ಹೊರಟಿರುತ್ತಿದ್ದರು. ಹೆಣ್ಣಿನವರು ಪ್ಲಾಟ್‌ಫಾರಂ ಟಿಕೇಟು ತೆಗೆದುಕೊಂಡು ಬಂದು ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಗಾಡಿ ಬಂದ ಮೇಲೆ ಎರಡೂ ಕಡೆಯವರು “ಅಯ್ಯ, ನೀವೇನ್ರಿ ಇಲ್ಲಿ!” ಎಂದು ಆಶ್ಚರ್ಯಪಡುವ ನಾಟಕ ನಡೆಯುತ್ತಿತ್ತು. ಒಪ್ಪಿಗೆಯಾದರೆ ಮುಂದಿನ ಮಾತು. ಆಗದಿದ್ದರೆ ನೋಡಿದರೂ ನೋಡಿದಂತಲ್ಲ. ಓಣಿಗೆ ಗೊತ್ತಾಗುವುದಿಲ್ಲ, ಅವಲಕ್ಕಿ ಖರ್ಚಾಗುವುದಿಲ್ಲ, ಹುಡುಗಿಗೆ ‘ನೋಡಿ ಬಿಟ್ಟದ್ದು’ ಎಂಬ ಹೆಸರು ಅಂಟುವುದಿಲ್ಲ.

ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು ಇತ್ತು. ಮೂರನೇ ಕ್ಲಾಸಿನ ಬೋಗಿ ಸರಿಯಾಗಿ ಅದರ ಎದುರಿಗೇ ನಿಲ್ಲುತ್ತಿತ್ತು. ಚಹಾದವನಿಂದ ಹಿಡಿದು ಹಮಾಲರವರೆಗೆ ಎಲ್ಲರೂ ಅದನ್ನು ಕರೆಯುತ್ತಿದ್ದುದು ಹೆಣ್ಣಿನ ಬೆಂಚು ಎಂದು. ಇಷ್ಟು ಗುಟ್ಟಾದ ರೂಢಿ ಅದು! ಲಗ್ನದ ತಿಂಗಳುಗಳಲ್ಲಿ ಒಂದು ಮನೆಯವರು ಏಳುವುದನ್ನೇ ಕಾಯುತ್ತಾ ಇನ್ನೊಂದು ಮನೆಯವರು ನಲ್ಲಿಯ ಹತ್ತಿರ ನಿಂತಿರುತ್ತಿದ್ದರಂತೆ. ಗಾಡಿಯೂ ಅಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು. ಇಂಜಿನ್ನು ನೀರು ಕುಡಿಯಬೇಕು, ಗಾರ್ಡು ಚಹಾ ಕುಡಿಯಬೇಕು. ಇವಲ್ಲದೆ ಅಲ್ಲಿ ಗಾಡಿಗೆ ಇನ್ನೊಂದು ಕೆಲಸವೂ ಇತ್ತು. ಅದು ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ನಾನು ಈ ಕಥೆ ಬರೆಯುವ ಹಾಗೇ ಇರಲಿಲ್ಲ.

ನಮ್ಮೂರು ಸಿರುಗುಪ್ಪ. ಅಪ್ಪನದು ಕಾಲುವೆ ನೀರಿನ ಭತ್ತದ ಹೊಲ, ಮನೆಗೆ ಅಂಟಿಕೊಂಡು ಒಂದು ಕಿರಾಣಿ ಅಂಗಡಿ. ನಾನು ಒಬ್ಬಳೇ ಮಗಳು. ಕಾಲುವೆ ನೀರು ಕುಡಿದು ಭತ್ತ ಬೆಳೆದದ್ದಕ್ಕಿಂತ ನಾನೇ ಹೆಚ್ಚು ಬೆಳೆದೆ ಎಂದು ಓಣಿಯವರ ತಕರಾರು. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತೆಗೆಯುವುದಕ್ಕೆ ನಮ್ಮ ಮನೆಯಲ್ಲಿ ಏಣಿ ಬೇಡ ಎಂದು ಆಡಿಕೊಳ್ಳುತ್ತಿದ್ದರು. ಸುಳ್ಳು. ಸ್ಟೂಲು ಬೇಕಾಗುತ್ತಿತ್ತು.

ಮೊದಲು ತೆಕ್ಕಲಕೋಟೆಯವರು ನೋಡಿ ಹೋದರು. ಎರಡು ತಟ್ಟೆ ಉಪ್ಪಿಟ್ಟು ತಿಂದು, ಹೊರಡುವಾಗ ಆ ಹುಡುಗನ ತಾಯಿ, “ಚಲೋ ಹುಡುಗಿ ಐತ್ರಿ. ಆದ್ರ ನಮ್ಮ ಮನಿ ಬಾಗಲಾ ಭಾಳ ಸಣ್ಣವು,” ಎಂದಳು. ಆಮೇಲೆ ಹಲಕುಂದಿಯಿಂದ ಬಂದವರು, ಫೋಟೋ ತೆಗೆಸಿದರೆ ಹುಡುಗ ನನ್ನ ತಮ್ಮನ ಹಾಗೆ ಕಾಣುತ್ತಾನೆ ಎಂದು ಹೇಳಿ ಕಳಿಸಿದರು. ನಾನು ನಗುತ್ತಿದ್ದೆ, ಯಾಕೆಂದರೆ ಅಳುವುದನ್ನು ಕಂಡರೆ ಅಪ್ಪ ಊಟ ಬಿಡುತ್ತಿದ್ದ. ಒಳಗೆ ಮಾತ್ರ ಉರಿಯುತ್ತಿತ್ತು. ಬೇರೆಯವರ ಬಾಗಿಲು ಚಿಕ್ಕದಾದರೆ ಅದು ನನ್ನ ತಪ್ಪೇ?

ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆಯನ್ನು ಕುರುಗೋಡಿಗೆ ಕೊಟ್ಟಿತ್ತು. ನಮ್ಮ ಮನೆತನದ ಮದುವೆ, ಜಗಳ, ಭಾಗ, ಬಾಣಂತನಗಳಿಗೆಲ್ಲ ಆಕೆಯೇ ಯಜಮಾನಿ. ಎರಡನೇ ಸಲ ಬೇಡವೆಂದು ಹೇಳಿಕಳಿಸಿದ ಸುದ್ದಿ ತಿಳಿಯುತ್ತಲೇ ಬಸ್ಸು ಹಿಡಿದು ಬಂದಳು. ಕುರುಗೋಡಿನಲ್ಲಿ ಅವಳ ಗಂಡನ ಕಡೆಯ ಒಬ್ಬ ಇದ್ದ, ಹೆಂಡತಿ ತೀರಿಕೊಂಡವನು. ಮೀಸೆ ನೆರೆತಿತ್ತು, ದೊಡ್ಡ ಮಗನಿಗೇ ಮೀಸೆ ಬರುತ್ತಿತ್ತು. ಅವನಲ್ಲಿ ಅತ್ತೆ ಕಂಡ ಗುಣ ಒಂದೇ, ಅವನು ಎತ್ತರವಿದ್ದ.

“ಆದವಾನಿದು ಒಂದು ಸಂಬಂಧ ಐತಿ, ಹುಡುಗ ಹತ್ತಿ ಮಿಲ್ಲಿನಾಗ ಗುಮಾಸ್ತ. ಅದನ್ನ ನೋಡೋಣು. ಅದೂ ತಪ್ಪಿತಂದ್ರ ಇನ್ನ ಕುಂತು ಯೋಚನಿ ಮಾಡೋದಿಲ್ಲ, ನಮ್ಮ ಕುರುಗೋಡಿನ ಸಂಬಂಧಾನ ಗಟ್ಟಿ ಮಾಡಿಬಿಡೋದು,” ಎಂದು ಅತ್ತೆ ತೀರ್ಪು ಕೊಟ್ಟಳು.

ಅಕ್ಕನ ಎದುರು ಅಪ್ಪ ಎಂದೂ ಏನೂ ಅಂದವನಲ್ಲ. ನಾನು ಅಡುಗೆಮನೆಯಲ್ಲಿ ಅವ್ವನ ಹತ್ತಿರ ಕುಳಿತು, ಇನ್ನೂ ಮುಖ ನೋಡಿರದ ಆ ಆದವಾನಿಯವನಿಗೆ ಕೈಮುಗಿದೆ. ಅವನು ಒಪ್ಪದಿದ್ದರೆ ನರೆತ ಮೀಸೆಯ ಮನೆಗೆ ನಾನು ಮಲತಾಯಿಯಾಗಿ ಹೋಗಬೇಕಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಆದವಾನಿಯವರು ಗದಗಿನ ಒಂದು ಮದುವೆಗೆ ಹೋಗುವವರಿದ್ದರು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಬಳ್ಳಾರಿಯ ಮೇಲೆ ಹಾಯ್ದು ಹೋಗುತ್ತಾರೆ ಎಂದು ಅತ್ತೆ ಎಲ್ಲ ಗೊತ್ತುಮಾಡಿದಳು. ಅವ್ವನನ್ನು ಮನೆಯಲ್ಲೇ ಬಿಟ್ಟೆವು. ಅಪ್ಪ, ಅತ್ತೆ, ನಾನು ಬೆಳಗಿನ ಬಸ್ಸು ಹತ್ತಿದೆವು. ನಮ್ಮ ಹಿಂದಿನ ಸೀಟಿನಲ್ಲಿ ಓಣಿಯ ಒಬ್ಬ ಹಿರಿಯಳು ಕುಳಿತಿದ್ದಳು.

“ಎಲ್ಲಿಗೆ ಹೊಂಟೀರಿ?”

“ಬಳ್ಳಾರಿಗೆ. ಹುಡುಗಿಗೆ ಹಲ್ಲು ನೋವು, ಡಾಕ್ಟ್ರಿಗೆ ತೋರಸಾಕ,” ಎಂದ ಅಪ್ಪ.

ಆಕೆ ನನ್ನ ರೇಷ್ಮೆ ಸೀರೆ ನೋಡಿದಳು, ಜಡೆಯ ತುಂಬಾ ಮುಡಿದ ಮಲ್ಲಿಗೆ ನೋಡಿದಳು. “ಬಳ್ಳಾರಿ ಡಾಕ್ಟ್ರು ಭಾಳ ಶಿಸ್ತಿನವರ ಇರಬೇಕು ಬಿಡ್ರಿ,” ಎಂದು ಕಿಟಕಿಯ ಕಡೆ ತಿರುಗಿದಳು. ಸಂಜೆಯೊಳಗೆ ಸಿರುಗುಪ್ಪಕ್ಕೆಲ್ಲ ಸುದ್ದಿ ಹರಡುವುದು ಖಾತ್ರಿಯಾಯಿತು.

ಬಸ್‌ಸ್ಟ್ಯಾಂಡಿನಿಂದ ಟಾಂಗಾ ಮಾಡಿಕೊಂಡು ಸ್ಟೇಷನ್ನಿಗೆ ಹೋದೆವು. ನಾನು ರೈಲು ಸ್ಟೇಷನ್ನಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಸಿರುಗುಪ್ಪದಲ್ಲೂ ರೈಲಿಲ್ಲ, ಕುರುಗೋಡಿನಲ್ಲೂ ಇಲ್ಲ. ನಾವು ಮೂವರೂ ಬಸ್ಸಿನ ಜನ. ಕಲ್ಲಿನ ದಪ್ಪ ಗೋಡೆಗಳು, ಕಲ್ಲಿದ್ದಲಿನ ವಾಸನೆ, ಒಬ್ಬ ತೆಲುಗಿನಲ್ಲಿ ಕೂಗಿದರೆ ಇನ್ನೊಬ್ಬ ಉರ್ದುವಿನಲ್ಲಿ ಉತ್ತರ ಕೊಡುವುದು, ಕಂಬಕ್ಕೆ ತೂಗುಹಾಕಿದ ಹಳಿಯ ತುಂಡೇ ಗಂಟೆ. ಎಲ್ಲವನ್ನೂ ಬಾಯಿ ತೆರೆದು ನೋಡುತ್ತಿದ್ದವಳನ್ನು ಅತ್ತೆ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

“ಇಲ್ಲಿ ಕೇಳು. ಏನಾದ್ರೂ ಆಗಲಿ, ಎದ್ದೇಳಬ್ಯಾಡ. ನಮ್ಮ ದೊಡ್ಡಬಸವಣ್ಣ ಕುಂತಂಗ ಕುಂತಬಿಡು. ಅವ ಯಾವ ಕಾಲದಿಂದಲೋ ಕುಂತಾನ. ಎದ್ದು ನಿಂತ್ರ ಎಷ್ಟು ಎತ್ತರ ಆಗ್ತೀಯಪ್ಪಾ ಅಂತ ಯಾವ ಭಕ್ತ ಕೇಳ್ಯಾನ?”

ಕುರುಗೋಡಿನ ಗುಡಿಯ ಬಸವಣ್ಣ ಕುಳಿತೇ ಆಳಿಗಿಂತ ಎತ್ತರ. ಆಕೆ ಹೇಳಿದ್ದು ತಪ್ಪೆನ್ನುವ ಹಾಗಿರಲಿಲ್ಲ. ನಾನು ಕಾಲು ಮಡಚಿ, ಬೆನ್ನನ್ನು ಸ್ವಲ್ಪ ಬಗ್ಗಿಸಿ, ಇರುವುದಕ್ಕಿಂತ ಕಡಿಮೆಯಾಗಿ ಕುಳಿತೆ. ಅತ್ತೆಯ ಮಡಿಲಲ್ಲಿ ಹೋಳಿಗೆ ತುಂಬಿದ ಹಿತ್ತಾಳೆಯ ಡಬ್ಬಿ ಇತ್ತು. ಅಪ್ಪ ಮಿರ್ಚಿ, ಮಂಡಕ್ಕಿಯ ಪೊಟ್ಟಣ ತಂದ.

ಗಾಡಿ ಬಂತು. ಎದುರಿನ ಬೋಗಿಯ ಕಿಟಕಿಯಲ್ಲಿ ಒಂದು ಮುಖ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಎಣ್ಣೆ ಹಚ್ಚಿ ಬಾಚಿದ ಕೂದಲು, ಈಗಷ್ಟೇ ಏನೋ ತಮಾಷೆ ಕೇಳಿದಂತಿದ್ದ ಕಣ್ಣು. ಆ ಮುಖದ ಹಿಂದಿನಿಂದ ಒಬ್ಬ ಹೆಂಗಸು ಬಾಗಿಲಿಗೆ ಬಂದು, ಬೆನ್ನು ತಿರುಗಿಸಿ, ಮೆಟ್ಟಿಲು ಹುಡುಕಿ ಇಳಿದಳು. ಹುಡುಗನ ತಾಯಿ. ದುಂಡಗೆ, ಪುಟ್ಟದಾಗಿ, ಕುಂಕುಮದ ಭರಣಿಯ ಹಾಗಿದ್ದಳು. ಹುಡುಗನ ತಂದೆ ಒಳಗೆ ಮೇಲಿನ ಹಲಗೆಯಲ್ಲಿ ಮಲಗಿದ್ದಾರೆ, ನಿದ್ದೆಗೆಟ್ಟರೆ ಸಿಟ್ಟು, ಎಬ್ಬಿಸುವುದು ಬೇಡ ಎಂದಳು.

“ಅಯ್ಯ, ನೀವೇನ್ರಿ ಇಲ್ಲಿ!” ಎಂದಳು ಅತ್ತೆ. “ಅಯ್ಯ, ನೀವೇನಮ್ಮಾ ಇಲ್ಲಿ!” ಎಂದಳು ಆಕೆ. ನಾಟಕ ಮುಗಿಯಿತು, ಎಲ್ಲರೂ ಕುಳಿತರು. ಹುಡುಗ ಮಾತ್ರ ಕಿಟಕಿಯಲ್ಲೇ ಇದ್ದ.

“ಇಳೀರಿ ತಮ್ಮಾ, ಚಾ ಕುಡೀರಿ,” ಎಂದ ಅಪ್ಪ.

“ಪರವಾಗಿಲ್ರಿ, ಇಲ್ಲೇ ಕೊಡ್ರಿ. ಸಾಮಾನು ನೋಡಿಕೋಬೇಕು.”

ಚಹಾ ಕಿಟಕಿಯಿಂದ ಹೋಯಿತು. ಮಿರ್ಚಿಯೂ ಕಿಟಕಿಯಿಂದ ಹೋಯಿತು. ಕೈ ತೊಳೆಯುವುದಕ್ಕಾದರೂ ನಲ್ಲಿಗೆ ಬರಲಿ ಎಂದು ಅತ್ತೆ ಖಾರದ ಮಿರ್ಚಿಯನ್ನೇ ಆರಿಸಿ ಕೊಟ್ಟಿದ್ದಳು. ಅವನ ಕಣ್ಣಿನಲ್ಲಿ ನೀರು ಬಂತು, ಮೂಗು ಕೆಂಪಗಾಯಿತು, ಆದರೂ ಇಳಿಯಲಿಲ್ಲ. ಅತ್ತೆ ಅಪ್ಪನನ್ನು ಮರದ ಹಿಂದಕ್ಕೆ ಕರೆದಳು. ಆಕೆ ಗುಟ್ಟು ಹೇಳಿದರೆ ಗುಂತಕಲ್ಲಿಗೆ ಕೇಳಿಸುತ್ತದೆ.

“ಹುಡುಗ ಇಳಿವಲ್ಲ. ಕಾಲಿನಾಗ ಏನೋ ಐತಿ. ನೂರಕ್ಕ ನೂರು ಕುಂಟ ಅದಾನ!”

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಅದರಲ್ಲಿ ಒಂದು ತೊಂದರೆಯಿದೆ. ತಾನು ಒಂದನ್ನು ಮುಚ್ಚಿಟ್ಟವನಿಗೆ ಎದುರಿನವನು ಹತ್ತು ಮುಚ್ಚಿಟ್ಟಂತೆ ಕಾಣುತ್ತದೆ. ಕಾಲು ಸರಿಯಿಲ್ಲದಿದ್ದರೆ ಮನುಷ್ಯ ಕಡಿಮೆಯಾಗುತ್ತಾನೆಯೇ ಎಂದು ನಾನು ಈಗ ಕೇಳಬಲ್ಲೆ. ಆಗಿನ ಹಿರಿಯರ ಎದುರು ಹಾಗೆ ಕೇಳುವ ಧೈರ್ಯ ನನಗಿರಲಿಲ್ಲ.

ಅಷ್ಟರಲ್ಲಿ ಆ ಪುಟ್ಟ ತಾಯಿ ನನ್ನ ಕಡೆ ತಿರುಗಿದಳು. “ನಲ್ಲಿ ಎಲ್ಲೈತಮ್ಮಾ? ಸ್ವಲ್ಪ ಬಂದು ತೋರಿಸ್ತೀಯಾ?”

ನಾನು ಕುಳಿತಲ್ಲಿಂದಲೇ ಕೈ ಚಾಚಿ ತೋರಿಸಿದೆ. ನನ್ನ ಕೈಯೂ ಉದ್ದ, ಹೆಚ್ಚುಕಡಿಮೆ ನಲ್ಲಿಯನ್ನೇ ಮುಟ್ಟಿತು. ಆಕೆ ಬೇಕೆಂದೇ ಕೈವಸ್ತ್ರ ಬೀಳಿಸಿದಳು. ನಾನು ಕುಳಿತೇ ಬಗ್ಗಿ ಎತ್ತಿಕೊಟ್ಟೆ. ಆಕೆಯ ಮುಖ ಸಣ್ಣಗಾಯಿತು. ಕಿಟಕಿಯ ಹತ್ತಿರ ಹೋಗಿ ಮಗನಿಗೆ ತೆಲುಗಿನಲ್ಲಿ ಪಿಸುಗುಟ್ಟಿದಳು. ತೆಲುಗು ಬಾರದವರು ಬಳ್ಳಾರಿ ಸೀಮೆಯಲ್ಲಿ ಯಾರಿದ್ದಾರೆ? ಹುಡುಗಿಯ ಕಾಲು ಸರಿಯಿಲ್ಲ ನಾಯನಾ, ಅದಕ್ಕೇ ಏಳಲೊಲ್ಲಳು ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡೆ.

ಆಕೆ ಅತ್ತೆಯನ್ನು ಮಾತಿಗೆ ಎಳೆಯಲು ಮರದ ಹತ್ತಿರ ಹೋದಳು. ಬೆಂಚಿನಲ್ಲಿ ನಾನು, ಕಿಟಕಿಯಲ್ಲಿ ಅವನು. ಅತ್ತೆ ಆಗಲೇ ಹೋಳಿಗೆಯ ಡಬ್ಬಿಯನ್ನು ಅವನ ಕೈಗೆ ಕೊಟ್ಟಿದ್ದಳು. ಅವನು ಅದನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದ.

“ಯಾಕ್ರಿ ನಗ್ತೀರಿ?” ಎಂದ.

“ನಿಮ್ಮ ಮೂಗು ಕೆಂಪಗೈತಿ.”

“ಮಿರ್ಚಿ ಖಾರ ಐತ್ರಿ. ನೀರು ಕುಡೀಬೇಕು.”

“ನಲ್ಲಿ ಇಲ್ಲೇ ಐತಲ್ರಿ, ಇಳೀರಿ.”

ಅವನು ನಲ್ಲಿಯನ್ನು ನೋಡಿದ, ನನ್ನನ್ನು ನೋಡಿದ. “ನೀವಾರ ಎದ್ದು ಒಂದು ಗ್ಲಾಸು ತಂದುಕೊಡಬಹುದಲ್ರಿ.”

ನಾನು ಏಳಲಿಲ್ಲ, ಅವನು ಇಳಿಯಲಿಲ್ಲ. ಅವನ ಕಾಲು ಹೇಗಾದರೂ ಇರಲಿ, ಇವನೇ ಆಗಲಿ ಎಂದು ನನಗೆ ಆ ಕ್ಷಣವೇ ಅನ್ನಿಸಿತು. ಎರಡು ಮಾತಿಗೇ ಹಾಗೆ ಅನ್ನಿಸುತ್ತದೆಯೇ ಎಂದರೆ, ಅನ್ನಿಸುತ್ತದೆ. ಆದರೆ ಒಪ್ಪಬೇಕಾದದ್ದು ಅವನ ತಾಯಿ, ಒಪ್ಪಿಸಬೇಕಾದದ್ದು ನನ್ನ ಅತ್ತೆ. ಆ ಇಬ್ಬರೂ ಮರದ ಕೆಳಗೆ ಒಬ್ಬರ ಕಾಲಿನ ಬಗ್ಗೆ ಒಬ್ಬರು ಬಾಯಿ ಬಿಡಿಸಲು ನೋಡುತ್ತಿದ್ದರು. “ನಿಮ್ಮ ಹುಡುಗಗ ನಡೆದಾಡೋ ಕೆಲಸ ಏನ್ರಿ?” ಎಂದು ಅತ್ತೆ ಕೇಳಿದರೆ, “ನಿಮ್ಮ ಹುಡುಗಿ ನೀರು ಹೊರ್ತಾಳೇನಮ್ಮಾ?” ಎಂದು ಆಕೆ.

ಆಗ ಗಾಡಿ ಚಲಿಸಿತು.

ಗಂಟೆ ಬಾರಿಸಲಿಲ್ಲ, ಹಸಿರು ಬಾವುಟ ತೋರಿಸಲಿಲ್ಲ. ಸುಮ್ಮನೆ ಒಂದು ಸಲ ಜಗ್ಗಿ, ಹೊಸಪೇಟೆಯ ದಿಕ್ಕಿಗೆ ಮೆಲ್ಲಗೆ ಉರುಳತೊಡಗಿತು. ನಾವು ಬಸ್ಸಿನ ಜನ. ಬಸ್ಸು ಚಲಿಸಿತೆಂದರೆ ಹೋಯಿತೆಂದೇ ಅರ್ಥ, ಮತ್ತೆ ಬರುವುದು ಮರುದಿನ.

“ಗಾಡಿ ಹೋತು!” ಎಂದು ಅಪ್ಪ ಕೂಗಿದ. “ಡಬ್ಬಿ! ನಮ್ಮ ಡಬ್ಬಿ!” ಎಂದಳು ಅತ್ತೆ. “ನಾಯನಾ!” ಎಂದು ಆ ತಾಯಿ ಸೀರೆ ಎತ್ತಿಕೊಂಡು ಓಡಿದಳು. ಗಂಡ ಒಳಗೆ ಮಲಗಿದ್ದ, ಮಗ ಒಳಗಿದ್ದ, ಸಾಮಾನೆಲ್ಲ ಒಳಗೆ, ತಾನೊಬ್ಬಳೇ ಹೊರಗೆ. ಹುಡುಗ ಬಾಗಿಲಿಗೆ ಬಂದು ಕೈ ಚಾಚಿದ. ತಾಯಿಯ ಕೈ ಅವನ ಕೈಗೆ ಒಂದು ಗೇಣು ಕಡಿಮೆ ಬಿತ್ತು. ಪುಟ್ಟ ಕಾಲುಗಳು ಎಷ್ಟೆಂದು ಓಡಿಯಾವು?

ದೊಡ್ಡಬಸವಣ್ಣ ಎದ್ದು ನಿಂತ. ಎದ್ದದ್ದು ನನಗೇ ಗೊತ್ತಾಗಲಿಲ್ಲ. ನಾಲ್ಕು ದಾಪುಗಾಲಿಗೆ ಆಕೆಯನ್ನು ಮುಟ್ಟಿದೆ. ಸೊಂಟಕ್ಕೆ ಕೈಹಾಕಿ, ಅಕ್ಕಿಯ ಚೀಲ ಎತ್ತುವ ಹಾಗೆ ಎತ್ತಿ ಬಾಗಿಲಿನ ಕಡೆ ಹಿಡಿದೆ. ಅಂಗಡಿಯವನ ಮಗಳು ನಾನು, ಅದೇನೂ ಹೊಸದಲ್ಲ. ಆಕೆ ಗಾಳಿಯಲ್ಲಿ ಕಾಲು ಬಡಿಯುತ್ತಾ ಇನ್ನೂ ಜೋರಾಗಿ ಕಿರುಚಿದಳು. ತಾಯಿಯನ್ನು ಯಾರೋ ಹೊತ್ತೊಯ್ಯುತ್ತಿದ್ದಾರೆ ಎಂದುಕೊಂಡನೋ ಏನೋ, ಅವನು ಡಬ್ಬಿಯ ಸಮೇತ ಕೆಳಕ್ಕೆ ಹಾರಿದ. ಚೆನ್ನಾಗಿಯೇ ಹಾರಿದ, ಎರಡೂ ಕಾಲ ಮೇಲೆ ನೆಟ್ಟಗೆ ನಿಂತ. ನಾನು ಅವನ ತಾಯಿಯನ್ನು ಮೆಲ್ಲಗೆ ಕೆಳಗಿಳಿಸಿದೆ. ಗಾಡಿ ಮಲಗಿದ್ದ ಮಾವನನ್ನು ಹೊತ್ತುಕೊಂಡು ಮುಂದೆ ಹೋಯಿತು.

ಈಗ ಪ್ಲಾಟ್‌ಫಾರಂ ಮೇಲೆ ಎಲ್ಲರೂ ನಿಂತಿದ್ದೆವು. ಅವನು ನನ್ನ ಹೆಗಲಿಗೆ ಬರುತ್ತಿದ್ದ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ತಲೆ ಬಗ್ಗಿಸಿ ಅವನನ್ನು ನೋಡಿದೆ. ನಾನು ಏಳದ ಕಾರಣ ಅವನಿಗೆ ತಿಳಿಯಿತು, ಅವನು ಇಳಿಯದ ಕಾರಣ ನನಗೆ ತಿಳಿಯಿತು. ಅಪ್ಪ ಕಣ್ಣು ಮುಚ್ಚಿಕೊಂಡ. ನನ್ನ ಕಣ್ಣೆದುರಿಗೆ ಕುರುಗೋಡಿನ ನರೆತ ಮೀಸೆ ಬಂದು ನಿಂತಿತು.

ಆಗ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಕೂಗಿದಳು. “ಯಪ್ಪಾ ಬಸವಣ್ಣಾ! ಹುಡುಗನ ಕಾಲು ಎರಡೂ ನೆಟ್ಟಗ ಅದಾವು!”

“ನಿಮ್ಮ ಹುಡುಗಿಯವೂ ಸರಿಯಾಗೇ ಅವೆ ಅಮ್ಮಾ! ಏನು ಓಡಿದಳು, ಏನು ಓಡಿದಳು!” ಎಂದಳು ಆ ತಾಯಿ, ಸೀರೆ ಸರಿಮಾಡಿಕೊಳ್ಳುತ್ತಾ. “ನಾನು ಏನೇನೋ ಅಂದುಕೊಂಡುಬಿಟ್ಟಿದ್ದೆ ನೋಡು.”

“ನಾನೂ ಅದನ್ನ ಅಂದುಕೊಂಡಿದ್ದೆ!”

ಇಬ್ಬರು ಹೆಂಗಸರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಬೆಂಚಿನ ಮೇಲೆ ಕುಸಿದರು. ಅಷ್ಟು ದೊಡ್ಡ ಭಯ ಸುಳ್ಳಾದ ಸಂತೋಷದಲ್ಲಿ ಒಂದು ಮೊಳದ ಎತ್ತರ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದರೂ ಅದನ್ನು ಈಗ ಎತ್ತುವ ಮುಖ ಯಾರಿಗೂ ಇರಲಿಲ್ಲ. ಕುಂಬಳಕಾಯಿ ಕಳ್ಳರು ಎರಡೂ ಕಡೆ ಇದ್ದರು.

“ಉದ್ದ ಆದ್ರೇನು, ಅಟ್ಟದ ಮೇಲಿನ ಡಬ್ಬಿ ತೆಗೆಯಾಕೆ ನಮ್ಮ ಮನೇಲಿ ಯಾರಿಗೂ ಆಗಲ್ಲ,” ಎಂದು ಆ ತಾಯಿಯೇ ಹೇಳಿದಳು. ನನ್ನ ಉದ್ದಕ್ಕೆ ಉಪಯೋಗವಿದೆ ಎಂದವರಲ್ಲಿ ಆಕೆಯೇ ಮೊದಲಿಗಳು. ನಾನು ಆ ಅತ್ತೆಯನ್ನು ಕಡೆಯವರೆಗೂ ಪ್ರೀತಿಸಿದ್ದು ಆ ಒಂದು ಮಾತಿಗಾಗಿ.

“ಆದ್ರ ಗಾಡಿ?” ಎಂದ ಅಪ್ಪ.

ಆಗಲೇ ಎಲ್ಲರಿಗೂ ನೆನಪಾದದ್ದು. ಗದಗಿನ ಮದುವೆಯ ಉಡುಗೊರೆ, ಹಾಸಿಗೆ ಸುರುಳಿ, ನಿದ್ದೆಗೆಟ್ಟರೆ ಸಿಟ್ಟಾಗುವ ಯಜಮಾನರು, ಎಲ್ಲ ಹೋಗಿದ್ದವು. ನಗು ನಿಂತು ಮತ್ತೆ ಅಳು ಶುರುವಾಗುವುದರೊಳಗೆ ಗಾಡಿ ಹಿಂದುಹಿಂದಕ್ಕೆ ಉಸ್ಸೆನ್ನುತ್ತಾ ಬಂದು ಬೆಂಚಿನ ಎದುರಿಗೇ ನಿಂತಿತು. ರಾಯದುರ್ಗದಿಂದ ಬಂದ ಒಂದು ಬೋಗಿಯನ್ನು ದಿನಾಲೂ ಅಲ್ಲಿ ಬಾಲಕ್ಕೆ ಜೋಡಿಸುತ್ತಿದ್ದರಂತೆ. ಅದಕ್ಕಾಗಿ ಗಾಡಿ ಮುಂದೆ ಹೋಗಿ, ಹಳಿ ಬದಲಿಸಿ, ಬೋಗಿ ಕಟ್ಟಿಕೊಂಡು ತಿರುಗಿ ಬರುತ್ತಿತ್ತಂತೆ. ಜಂಕ್ಷನ್ ಅಂದರೆ ಇದೇ ತಾನೇ! ಹಮಾಲರು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಿಟಕಿಯಿಂದ ಕೂದಲು ಕೆದರಿದ ಒಂದು ತಲೆ ಹೊರಗೆ ಬಂತು.

“ಬಳ್ಳಾರಿ ಬಂತೇನು? ಹುಡುಗಿ ಎಲ್ಲಿ?” ಎಂದರು ನನ್ನ ಮಾವ.

“ನೋಡಿ, ಒಪ್ಪಿ, ಎಲ್ಲ ಆಯಿತು, ಮಲಗಿರಿ,” ಎಂದಳು ಅವರ ಹೆಂಡತಿ.

ಈ ಸಲ ಗಂಟೆ ಸರಿಯಾಗಿ ಬಾರಿಸಿದರು. ಅವನು ತಾಯಿಯನ್ನು ಹತ್ತಿಸಿ, ತಾನೂ ಒಂದು ಮೆಟ್ಟಿಲು ಹತ್ತಿ ತಿರುಗಿದ. ಆ ಮೆಟ್ಟಿಲ ಮೇಲೆ ಅವನೂ ನಾನೂ ಸರಿಸಮ. ಡಬ್ಬಿಯನ್ನು ನನ್ನ ಕೈಗಿಟ್ಟು, “ಕುಂತಾಗ ಚಲೋ ಇದ್ರಿ. ನಿಂತ ಮ್ಯಾಲ ಇನ್ನೂ ಚಲೋ ಕಾಣ್ತೀರಿ,” ಎಂದ. ಡಬ್ಬಿ ಹಗುರಾಗಿತ್ತು. ಹೋಳಿಗೆಯನ್ನೆಲ್ಲ ಯಾವಾಗ ತಿಂದಿದ್ದನೋ ಶಿವನೇ ಬಲ್ಲ.

ಮದುವೆಯ ಫೋಟೋದಲ್ಲಿ ನಾನು ಕುಳಿತಿದ್ದೇನೆ, ಅವರು ನಿಂತಿದ್ದಾರೆ. ಅದು ಫೋಟೋದವನ ಉಪಾಯ. ನಮ್ಮ ಮನೆಯವರಿಗೆ ಆ ಫೋಟೋ ಕಂಡರಾಗುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಬಿಟ್ಟು ಬಂದ ಸುಳ್ಳನ್ನು ಮತ್ತೆ ಮನೆಗೆ ತಂದಂತಾಯಿತು ಎನ್ನುತ್ತಿದ್ದರು. ಒಂದೆರಡು ವರ್ಷದಲ್ಲಿ ಅವರಿಗೆ ಬಳ್ಳಾರಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಕೌಲ್ ಬಜಾರಿನಲ್ಲಿ ಮನೆ ಮಾಡಿದೆವು. ಎಪ್ಪತ್ತರ ದಶಕದುದ್ದಕ್ಕೂ ನಮಗೆ ಪುಕ್ಕಟೆ ಸಿನಿಮಾ ಎಂದರೆ ಜಂಕ್ಷನ್. ಭಾನುವಾರ ಮಧ್ಯಾಹ್ನ ಮಿರ್ಚಿ ಕಟ್ಟಿಸಿಕೊಂಡು ಹೋಗಿ, ಹೆಣ್ಣಿನ ಬೆಂಚಿನ ಪಕ್ಕದ ಬೆಂಚಿನಲ್ಲಿ ಕುಳಿತು, ಬಂದವರಲ್ಲಿ ಯಾರು ಏನು ಮುಚ್ಚಿಡುತ್ತಿದ್ದಾರೆ ಎಂದು ಪಂದ್ಯ ಕಟ್ಟುತ್ತಿದ್ದೆವು.

“ಆ ಹುಡುಗ ಟೋಪಿ ತೆಗೀವಲ್ಲ ನೋಡು. ಬೋಳು,” ಎನ್ನುತ್ತಿದ್ದರು ಅವರು.

“ಆ ಹುಡುಗಿ ಬಾಯಿ ಬಿಡವಲ್ಲಳು. ಹಲ್ಲು,” ಎನ್ನುತ್ತಿದ್ದೆ ನಾನು.

ಗಾಡಿ ಬೋಗಿ ಕಟ್ಟಿಕೊಳ್ಳಲು ಮುಂದೆ ಹೋದಾಗ ಬಸ್ಸಿನ ಊರುಗಳ ಜನ ಎದೆ ಬಡಿದುಕೊಂಡು ಓಡುತ್ತಿದ್ದರು. ಇವರು ಮಂಡಕ್ಕಿ ಮುಕ್ಕುತ್ತಾ, “ಬರ್ತೈತ್ರಿ, ಬರ್ತೈತಿ, ಎಲ್ಲಿ ಹೋಗ್ತೈತಿ,” ಎಂದು ಸಮಾಧಾನ ಹೇಳುತ್ತಿದ್ದರು. ಒಂದು ಸಲ ಮಾತ್ರ ಅದು ನಿಜವಾಗಿಯೂ ಹೊರಟ ಗಾಡಿ. ಆ ಮನೆಯವರು ನಮ್ಮನ್ನು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ.

ಎಂಬತ್ತರ ದಶಕದಲ್ಲಿ, ನಮ್ಮ ಮಗಳು ಹೈಸ್ಕೂಲಿನಲ್ಲಿದ್ದಾಗ, ಗೋದಾಮಿನಲ್ಲಿ ಹತ್ತಿಯ ಅಂಡಿಗೆ ಉರುಳಿ ಇವರ ಮೊಣಕಾಲಿನ ಮೇಲೆ ಬಿತ್ತು. ಆಸ್ಪತ್ರೆ, ಕಟ್ಟು, ಎಣ್ಣೆ, ಎಲ್ಲ ಆಯಿತು. ಕಾಲು ಉಳಿಯಿತು, ಮಡಚುವುದನ್ನು ಮಾತ್ರ ಮರೆಯಿತು. ನಮ್ಮ ಮನೆಯವರು ಮನೆಯೊಳಗೆ ತಮಾಷೆ ಮಾಡುವರು, ಹೊರಗೆ ಬರಲು ಒಲ್ಲರು. ಕೆಲಸಕ್ಕೆ ಹೋದರೂ ನಸುಕಿನಲ್ಲಿ, ಯಾರೂ ನೋಡದ ಹಾಗೆ. ಸ್ಟೇಷನ್ನಿನ ಹೆಸರೆತ್ತಿದರೆ ನೆವ ಹುಡುಕುವರು. ಬಜಾರದ ತುಂಬಾ ನನ್ನ ಪಕ್ಕದಲ್ಲಿ ಕುಳ್ಳನಾಗಿ ತಲೆಯೆತ್ತಿ ನಡೆದ ಮನುಷ್ಯ ಕುಂಟುತ್ತಾ ನಡೆಯಲು ನಾಚುತ್ತಿದ್ದರು. ಅದು ನನಗೆ ಅವರ ನೋವಿಗಿಂತ ಹೆಚ್ಚು ನೋವು ಕೊಟ್ಟಿತು.

ಊರುಗೋಲು ಕೊಳ್ಳೋಣ ಎಂದು ಅಂಗಡಿಗಳನ್ನು ಸುತ್ತಿ ಬಂದೆ. ತಂದ ಕೋಲೆಲ್ಲ ಅವರಿಗೆ ಉದ್ದ. ಬಡಗಿಯಿಂದ ಕತ್ತರಿಸಿಕೊಂಡು ಬರುತ್ತೇನೆ ಎಂದರೆ ಬೇಡ ಎಂದರು. ಒಂದು ಭಾನುವಾರ ಜಗಳಾಡಿ, ಅತ್ತು, ಟಾಂಗಾದಲ್ಲಿ ಹಾಕಿಕೊಂಡು ಜಂಕ್ಷನ್ನಿಗೆ ಕರೆದುಕೊಂಡು ಹೋದೆ. ಅದು ಲಗ್ನದ ತಿಂಗಳಲ್ಲ, ಹೆಣ್ಣಿನ ಬೆಂಚು ಖಾಲಿ ಇತ್ತು. ಅದರ ಮೇಲೆಯೇ ಕುಳಿತೆವು. ಮಿರ್ಚಿ ತಿಂದೆವು, ಗಾಡಿ ಬಂತು, ಮುಂದೆ ಹೋಯಿತು, ಹಿಂದೆ ಬಂತು, ಹೊರಟೇ ಹೋಯಿತು. ಬಿಸಿಲು ಇಳಿದು ಎಲ್ಲರೂ ಮನೆಗೆ ಹೋದರು. ಇವರು ಮಾತ್ರ ಏಳಲಿಲ್ಲ.

“ಏಳ್ರಿ, ಹೋಗೋಣು.”

“ಎಲ್ಲಾರೂ ಹೋಗಲಿ ತಡಿ.”

“ಎಲ್ಲಾರೂ ಹೋದ್ರು.”

“ಆ ಹಮಾಲ ನೋಡಾಕತ್ತಾನ,” ಎಂದು ತಲೆ ತಗ್ಗಿಸಿದರು. ಆಮೇಲೆ ನಗಲು ನೋಡಿದರು. “ನಿಮ್ಮತ್ತಿ ಅವತ್ತು ಮರದ ಹಿಂದ ಕುಂಟ ಅದಾನ ಅಂದದ್ದು ನನಗೂ ಕೇಳಿಸಿತ್ತು. ದೊಡ್ಡವರ ಮಾತು ಸುಳ್ಳಾಗಬಾರದು ನೋಡು.”

“ಕೋಲು ತಂದಿದ್ರ ಚಲೋ ಇತ್ತು,” ಎಂದೆ.

“ಕೋಲು ಬ್ಯಾಡ,” ಎಂದರು ಅವರು. “ನನಗ ಉದ್ದಂದು ಒಂದ ಸಾಕು.”

ಏಳಬೇಡ ಎಂದು ಅತ್ತೆ ನನ್ನನ್ನು ಕೂರಿಸಿದ್ದು ಅದೇ ಬೆಂಚಿನ ಮೇಲೆ. ನಾನು ಬೆನ್ನು ಬಗ್ಗಿಸದೆ, ನನ್ನ ಪೂರ್ತಿ ಎತ್ತರಕ್ಕೆ ಎದ್ದು ನಿಂತೆ. ಅವರು ನನ್ನ ರಟ್ಟೆ ಹಿಡಿದುಕೊಂಡು ಎದ್ದರು. ಹಮಾಲ ನೋಡುತ್ತಲೇ ಇದ್ದ.